ಸಡಿಲ ಕೈ, ಬಿಗಿದ ಮುಷ್ಟಿ

ಓಟದ ಕೋಚ್ ಬಡ್ ವಿಂಟರ್ ಅವರ ಪಾಠ ದವಡೆಯಿಂದ ಶುರುವಾಗುತ್ತಿತ್ತು. ಓಡುವಾಗ ದವಡೆ ಬಿಗಿಯಬೇಡಿ, ತುಟಿ ಜೋಲಾಡಲಿ, ಕೈಬೆರಳು ಸಡಿಲವಾಗಿರಲಿ ಎನ್ನುತ್ತಿದ್ದರು. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಜೀವ ಒತ್ತೆಯಿಟ್ಟು ಓಡಿದವನೇ ಗೆಲ್ಲುತ್ತಾನೆಂದು ನಾವೆಲ್ಲ ಶಾಲೆಯ ಮೈದಾನದಲ್ಲೇ ಕಲಿತುಬಿಟ್ಟಿರುತ್ತೇವೆ. ವಿಂಟರ್ ಅದನ್ನು ಒಪ್ಪಲಿಲ್ಲ. ಓಟಕ್ಕೆ ಬೇಡದ ಸ್ನಾಯು ಬಿಗಿದುಕೊಂಡರೆ ಬೇಕಾದ ಸ್ನಾಯುವನ್ನು ಹಿಂದಕ್ಕೆ ಜಗ್ಗುತ್ತದೆ, ಹಾಗಾಗಿ ಇದ್ದಬದ್ದ ಬಲವನ್ನೆಲ್ಲ ಹಾಕುವವನಿಗಿಂತ ಹತ್ತರಲ್ಲಿ ಒಂಬತ್ತು ಪಾಲು ಹಾಕಿ ಮೈ ಹಗುರ ಬಿಟ್ಟವನು ಮುಂದಿರುತ್ತಾನೆ ಎಂಬುದು ಅವರ ವಾದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ನೌಕಾಪಡೆಯ ಎಳೆಯ ಪೈಲಟ್‌ಗಳಿಗೆ ಒತ್ತಡದ ನಡುವೆಯೂ ಮೈ ಸಡಿಲಿಸಿ ನಿದ್ದೆಗೆ ಜಾರುವುದನ್ನು ಕಲಿಸಿದ್ದರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯನ್ನು ಓಟದ ಟ್ರ್ಯಾಕಿಗೆ ಇಳಿಸಿದರು.

ಆ ಟ್ರ್ಯಾಕ್ ಇದ್ದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 1857ರಲ್ಲಿ ಶಿಕ್ಷಕರ ತರಬೇತಿ ಶಾಲೆಯಾಗಿ ಹುಟ್ಟಿದ, ಆ ರಾಜ್ಯದ ಅತ್ಯಂತ ಹಳೆಯ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ ಅದು. ಇವತ್ತು ಕನ್ನಡಿಗರಿಗೆ ಸ್ಯಾನ್ ಹೋಸೆ ಎಂದರೆ ಸಾಫ್ಟ್‌ವೇರ್ ಊರು, ಎಂ.ಎಸ್. ಮಾಡಲು ಬೆಂಗಳೂರು, ಮೈಸೂರಿನ ಕಡೆಯಿಂದ ಹೋದ ಮಕ್ಕಳು ಆ ಕ್ಯಾಂಪಸ್ಸಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ಅರವತ್ತರ ದಶಕದಲ್ಲಿ ಅದರ ಹೆಸರು ‘ಸ್ಪೀಡ್ ಸಿಟಿ’. ಹತ್ತಿರದ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳ ಹಣವಾಗಲಿ ಹಿರಿಮೆಯಾಗಲಿ ಅದಕ್ಕಿರಲಿಲ್ಲ. ಆದರೂ 1941ರಿಂದ 1970ರವರೆಗೆ ಅಲ್ಲಿ ಕೋಚ್ ಆಗಿದ್ದ ವಿಂಟರ್ ಅವರ ಕೈಯಲ್ಲಿ 27 ಒಲಿಂಪಿಕ್ ಅಥ್ಲೀಟ್‌ಗಳು ಪಳಗಿದರು. ಇಡೀ ದೇಶದ ಕಾಲೇಜುಗಳ ನಡುವಿನ ಅಥ್ಲೆಟಿಕ್ಸ್ ಪಟ್ಟ 1969ರಲ್ಲಿ ಸ್ಯಾನ್ ಹೋಸೆಗೆ ಬಂತು.

ಈ ಚರಿತ್ರೆಯನ್ನು ಎಲ್ಲರೂ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಪೋಡಿಯಂ ಮೇಲೆ ಮುಷ್ಟಿ ಎತ್ತಿ ನಿಂತ ಓಟಗಾರರ ಫೋಟೋದಿಂದ ಓದಲು ತೊಡಗುತ್ತಾರೆ. ಅದಕ್ಕೂ ಎರಡು ವರ್ಷ ಹಿಂದಿನ ಒಂದು ದಿನದಿಂದ ಓದಬೇಕೆಂದು ನನಗನ್ನಿಸುತ್ತದೆ. 1966ರ ಮೇ 7ರಂದು ಸ್ಯಾನ್ ಹೋಸೆಯ ಸ್ವಂತ ಮೈದಾನದಲ್ಲಿ, ಕಾಲಿಟ್ಟರೆ ಪುಡಿ ಏಳುವ ಸಿಂಡರ್ ಟ್ರ್ಯಾಕಿನ ಮೇಲೆ, ಟಾಮಿ ಸ್ಮಿತ್ ತಿರುವಿಲ್ಲದ ನೇರ ದಾರಿಯಲ್ಲಿ 200 ಮೀಟರನ್ನು 19.5 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಸ್ಮಿತ್ ಟೆಕ್ಸಾಸಿನಲ್ಲಿ ಗೇಣಿದಾರನ ಮಗನಾಗಿ ಹುಟ್ಟಿದವರು. ಮನೆಮಂದಿಯೆಲ್ಲ ಕ್ಯಾಲಿಫೋರ್ನಿಯಾದ ಲೆಮೂರಿಗೆ ಗುಳೆ ಬಂದ ಮೇಲೆ ಹತ್ತಿ ಬಿಡಿಸಿ ಬೆಳೆದವರು. ಜೊತೆಗಾರ ಲೀ ಇವಾನ್ಸ್ ಕೂಡ ಲೆಮೂರ್ ಇರುವ ಅದೇ ಕಣಿವೆಯ ದ್ರಾಕ್ಷಿ ಹೊಲಗಳಲ್ಲಿ ಕೂಲಿ ಮಾಡಿದ ಮನೆಯ ಹುಡುಗ. ಕೂಲಿಯಲ್ಲಿ ಬಿಗಿದುಕೊಂಡ ಆ ಮೈಗಳನ್ನು ಬಿಡಿಸಿ ಹಗುರ ಮಾಡುವುದು ವಿಂಟರ್ ಅವರ ಕೆಲಸವಾಗಿತ್ತು. ಅಂದಿನ ಸ್ಮಿತ್ ಓಟದ ಚಿತ್ರಗಳಲ್ಲಿ ಮುಖ ನೋಡಬೇಕು, ಕೆನ್ನೆ ಅಲುಗಾಡುತ್ತಿರುತ್ತದೆ. ಉದ್ದನೆಯ ಬೆರಳುಗಳು ನೀರು ಕೊಡವಿದಷ್ಟು ಹಗುರ.

ಟ್ರ್ಯಾಕ್ ಬಿಟ್ಟು ಹೊರಬಂದರೆ ಅದೇ ಊರು ಅವರಿಗೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಕ್ಯಾಂಪಸ್ಸಿನ ಸುತ್ತ ಕಪ್ಪು ವಿದ್ಯಾರ್ಥಿಗಳು ಮನೆ ಕೇಳಿಕೊಂಡು ಹೋದರೆ ಖಾಲಿ ಇಲ್ಲ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಹಿಂದೆ ಅದೇ ಕಾಲೇಜಿನ ಕ್ರೀಡಾಪಟುವಾಗಿದ್ದು ಆಗ ಅಲ್ಲೇ ಸಮಾಜಶಾಸ್ತ್ರ ಹೇಳುತ್ತಿದ್ದ ಹ್ಯಾರಿ ಎಡ್ವರ್ಡ್ಸ್ 1967ರ ಸೆಪ್ಟೆಂಬರಿನಲ್ಲಿ ಈ ಅನ್ಯಾಯದ ವಿರುದ್ಧ ವಿದ್ಯಾರ್ಥಿಗಳನ್ನು ಒಗ್ಗೂಡಿಸಿದರು. ಋತುವಿನ ಮೊದಲ ಫುಟ್‌ಬಾಲ್ ಪಂದ್ಯವನ್ನೇ ರದ್ದು ಮಾಡಬೇಕಾಗಿ ಬಂತು. ಗವರ್ನರ್ ರೊನಾಲ್ಡ್ ರೇಗನ್ ಕೆಂಡವಾದರು. ಪಂದ್ಯ ನಿಲ್ಲಿಸಿದ ಕಾಲೇಜಿನ ಅಧ್ಯಕ್ಷ ರಾಬರ್ಟ್ ಕ್ಲಾರ್ಕ್ ಮಾತ್ರ ಹಿಂದೆ ಸರಿಯಲಿಲ್ಲ. ಮುಂದಿನ ತಿಂಗಳೇ ‘ಮಾನವ ಹಕ್ಕುಗಳಿಗಾಗಿ ಒಲಿಂಪಿಕ್ ಯೋಜನೆ’ ಎಂಬ ಚಳವಳಿ ಹುಟ್ಟಿತು. ಮೆಕ್ಸಿಕೋದ ಮುಷ್ಟಿಯ ಬೇರು ಇಲ್ಲಿದೆ. ದೇಶದ ದೊಡ್ಡ ರಾಜಕೀಯಕ್ಕಿಂತ ಮೊದಲು, ತಲೆಯ ಮೇಲೊಂದು ಸೂರು ಕೇಳಿ ಬಾಗಿಲು ಹಾಕಿಸಿಕೊಂಡ ಅನುಭವ ಅದು. ಈ ಭಾಗವನ್ನು ಹಾರಿಸಿ ಹೇಳುವ ಯಾವ ಚರಿತ್ರೆಯನ್ನೂ ನಾನು ನಂಬಲಾರೆ.

1968ರ ಅಕ್ಟೋಬರ್ 16, ಮೆಕ್ಸಿಕೋ ಒಲಿಂಪಿಕ್ಸ್‌ನ 200 ಮೀಟರ್ ಓಟ. ಸೆಮಿಫೈನಲಿನಲ್ಲಿ ತೊಡೆಸಂದಿಯ ಸ್ನಾಯು ಸೆಳೆದಿದ್ದರೂ ಸ್ಮಿತ್ ಫೈನಲ್ ಓಡಿದರು. ಗುರಿ ಇನ್ನೂ ಹತ್ತು ಮೀಟರ್ ಇರುವಾಗಲೇ ಎರಡೂ ಕೈ ಮೇಲೆತ್ತಿದರು. ಆದರೂ 19.83 ಸೆಕೆಂಡು, ವಿಶ್ವದಾಖಲೆ. ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಎರಡನೆಯವರು, ಸ್ಯಾನ್ ಹೋಸೆಯವರೇ ಆದ ಜಾನ್ ಕಾರ್ಲೋಸ್ ಮೂರನೆಯವರು. ಬಡತನವನ್ನು ತೋರಿಸಲು ಸ್ಮಿತ್, ಕಾರ್ಲೋಸ್ ಇಬ್ಬರೂ ಶೂ ಕಳಚಿ ಕಪ್ಪು ಕಾಲುಚೀಲದಲ್ಲಿ ಪೋಡಿಯಂ ಹತ್ತಿದರು. ಕಾರ್ಲೋಸ್ ತಮ್ಮ ಕೈಗವಸು ಮರೆತು ಬಂದಿದ್ದರು; ಇರುವ ಒಂದು ಜೊತೆಯನ್ನೇ ಹಂಚಿಕೊಳ್ಳಿ ಎಂದು ನಾರ್ಮನ್ ಹೇಳಿದರಂತೆ. ಹೀಗಾಗಿ ರಾಷ್ಟ್ರಗೀತೆ ಮೊಳಗುವಾಗ ಅವರು ಎತ್ತಿದ ಮುಷ್ಟಿಗಳಲ್ಲಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ನಾರ್ಮನ್ ಎದೆಯ ಮೇಲೂ ಆ ಚಳವಳಿಯ ಬ್ಯಾಡ್ಜ್ ಇತ್ತು. ಇಬ್ಬರು ಅಮೆರಿಕನ್ನರನ್ನೂ ತಂಡದಿಂದ ಹೊರಹಾಕಿ ಊರಿಗೆ ಕಳಿಸಿದರು. ಎರಡು ದಿನದ ನಂತರ ಲೀ ಇವಾನ್ಸ್ 400 ಮೀಟರನ್ನು 43.86 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಆ ವಿಶ್ವದಾಖಲೆ ಸುಮಾರು ಇಪ್ಪತ್ತು ವರ್ಷ ಹಾಗೇ ನಿಂತಿತ್ತು.

ಇಷ್ಟೆಲ್ಲದರ ನೆನಪನ್ನು ಆ ವಿಶ್ವವಿದ್ಯಾಲಯ ಹೇಗೆ ಕಾಪಾಡಿಕೊಂಡಿದೆ? ನಾನು ತೂಗಿ ನೋಡಬೇಕೆಂದಿರುವುದು ಇದನ್ನು. ಕ್ಲಾರ್ಕ್ ಅಂದೇ ತಮ್ಮ ವಿದ್ಯಾರ್ಥಿಗಳ ಪರವಾಗಿ ಬಹಿರಂಗವಾಗಿ ಹೇಳಿಕೆ ಕೊಟ್ಟರು. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಕಡಿಮೆ ಮಾಡಿ ಹೇಳಬಾರದು. ಅಲ್ಲಿಂದಾಚೆಗೆ ಉದ್ದ ಮೌನ. ಸ್ಮಾರಕ ಎದ್ದದ್ದು 37 ವರ್ಷಗಳ ನಂತರ, 2005ರಲ್ಲಿ. ಅದೂ ಒಬ್ಬ ವಿದ್ಯಾರ್ಥಿ ಹಟ ಹಿಡಿದು ವಿದ್ಯಾರ್ಥಿ ಸಂಘದ ಬೆಂಬಲ ಪಡೆದದ್ದರಿಂದ.

ಪೋರ್ಚುಗಲ್ ಮೂಲದ ಕಲಾವಿದ ರಿಗೊ 23 ಮಾಡಿದ ಆ ಶಿಲ್ಪ ಸುಮಾರು 22 ಅಡಿ ಎತ್ತರವಿದೆ. ದೂರದಿಂದ ನೋಡಿದರೆ ಒಂದೇ ತುಂಡೆನ್ನಿಸುತ್ತದೆ. ಹತ್ತಿರ ಹೋದರೆ ಟ್ರ್ಯಾಕ್‌ಸೂಟಿನ ನೀಲಿಯೆಲ್ಲ ಬೆರಳುಗಾತ್ರದ ಹೆಂಚಿನ ಚೂರುಗಳು. ಪ್ರತಿ ಚೂರೂ ಬೇರೆ ಕೋನಕ್ಕೆ ಕೂತಿರುವುದರಿಂದ ಬಿಸಿಲು ಸರಿದಂತೆ ಬಟ್ಟೆ ಅಲುಗಿದ ಹಾಗೆ ಕಾಣುತ್ತದೆ. ಕಂಚಿನಲ್ಲಿ ಎರಕ ಹೊಯ್ದಿದ್ದರೆ ಈ ಜೀವಂತಿಕೆ ಬರುತ್ತಿರಲಿಲ್ಲ. ಶಿಲ್ಪದ ಅತಿ ದೊಡ್ಡ ಗೆಲುವೆಂದರೆ ಎರಡನೇ ಸ್ಥಾನ ಖಾಲಿ ಇರುವುದು. ತನ್ನ ಪ್ರತಿಮೆ ಬೇಡ, ಬಂದವರು ಅಲ್ಲಿ ನಿಲ್ಲಲಿ ಎಂದು ನಾರ್ಮನ್ ಅವರೇ ಕೇಳಿಕೊಂಡದ್ದು. ಹೀಗೆ ನೋಡಲು ಬಂದವರಿಗೆ ಒಳಗೇ ಜಾಗ ಬಿಟ್ಟ ಸ್ಮಾರಕ ನಾನು ಇನ್ನೊಂದು ಕಂಡಿಲ್ಲ.

ನನ್ನ ತಕರಾರು ಶಿಲ್ಪದ ಸುತ್ತ ಏನಿಲ್ಲವೋ ಅದರ ಬಗ್ಗೆ. ಅಲ್ಲಿ ಓಟವಿಲ್ಲ. 1988ರಲ್ಲಿ ದುಡ್ಡಿಲ್ಲವೆಂದು ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ತಂಡವನ್ನೇ ನಿಲ್ಲಿಸಿತು. ಫುಟ್‌ಬಾಲ್ ಮಾತ್ರ ನಿಲ್ಲಲಿಲ್ಲ. ಅಂದರೆ ಪ್ರತಿಮೆ ನಿಲ್ಲಿಸಿದ ವರ್ಷ ಆ ಕ್ಯಾಂಪಸ್ಸಿನಲ್ಲಿ ಸ್ಮಿತ್, ಕಾರ್ಲೋಸರ ಹಾದಿಯಲ್ಲಿ ಓಡಲು ಒಂದು ತಂಡವೇ ಇರಲಿಲ್ಲ. 2016ರಲ್ಲಿ ಅವರಿಬ್ಬರನ್ನು ವೇದಿಕೆಯಲ್ಲಿ ಕೂರಿಸಿಕೊಂಡು ತಂಡವನ್ನು ಮರಳಿ ಕಟ್ಟುವುದಾಗಿ ಸಾರಿದರು. ನನ್ನಂಥವರಿಗೆ ಆಗ ನಿಜವಾಗಿಯೂ ಸಂತೋಷವಾಗಿತ್ತು. ಆದರೆ ವಿಂಟರ್ ಹೆಸರಿನ ಹಳೆಯ ಮೈದಾನವನ್ನು ಆಮೇಲೆ ಒಡೆದುಹಾಕಿದರು. ಅಲ್ಲೀಗ ಇರುವುದು ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ. ಮೆಕ್ಸಿಕೋದಲ್ಲಿ ಲೋಕ ಕಂಡದ್ದು ಒಂದು ರಾಷ್ಟ್ರಗೀತೆಯಷ್ಟು ಹೊತ್ತಿನ ದೃಶ್ಯ. ಅದರ ಹಿಂದೆ ಆ ಟ್ರ್ಯಾಕಿನ ಮೇಲೆ ವರ್ಷಗಟ್ಟಲೆ ಪ್ರತಿ ಮಧ್ಯಾಹ್ನ ಕೈ ಸಡಿಲಿಸುವ ಅಭ್ಯಾಸವಿತ್ತು. ಮುಷ್ಟಿಯನ್ನು ಉಳಿಸಿಕೊಂಡು ಅಂಗೈಯನ್ನು ಕಳೆದುಕೊಂಡರು. ಓಡಿ ಗೆದ್ದಿರದಿದ್ದರೆ ಆ ಪೋಡಿಯಂ ಮೇಲೆ ಮುಷ್ಟಿ ಎತ್ತಲು ಅವರಿಗೆ ಜಾಗವೇ ಸಿಗುತ್ತಿರಲಿಲ್ಲ.

ಬೇರೆ ರೀತಿ ಸಾಧ್ಯವಿತ್ತು ಎಂಬುದಕ್ಕೆ ಸಾಕ್ಷಿ ಅದೇ ಕ್ಯಾಂಪಸ್ಸಿನಲ್ಲಿದೆ. 1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಬಂಧನ ಶಿಬಿರಗಳಿಗೆ ಸಾಗಿಸುವ ಮೊದಲು ಅಲ್ಲಿನ ವ್ಯಾಯಾಮಶಾಲೆಯಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದರು. ಆ ಕಾಲೇಜಿನ ವಿದ್ಯಾರ್ಥಿ ಯೋಶ್ ಉಚಿದಾ ಆಗ ಅಮೆರಿಕದ ಸೇನೆಯಲ್ಲಿದ್ದರು. ಅವರ ಮನೆಯವರು ಶಿಬಿರಗಳಲ್ಲಿ. ಯುದ್ಧ ಮುಗಿದ ಮೇಲೆ ಉಚಿದಾ ಮರಳಿ ಬಂದು ಅದೇ ಕಾಲೇಜಿನಲ್ಲಿ ಜೂಡೋ ಕಲಿಸಿದರು. ಜೂಡೋ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದ 1964ರ ಟೋಕಿಯೊದಲ್ಲಿ ಅಮೆರಿಕ ತಂಡದ ಕೋಚ್ ಅವರೇ. ಮುಂದೆ ಸೆನೆಟರ್ ಆದ ಬೆನ್ ನೈಟ್‌ಹಾರ್ಸ್ ಕ್ಯಾಂಪ್‌ಬೆಲ್ ಆ ತಂಡದಲ್ಲಿದ್ದ ಅವರ ಶಿಷ್ಯ. 1997ರಲ್ಲಿ ಆ ವ್ಯಾಯಾಮಶಾಲೆಗೆ ಉಚಿದಾ ಹೆಸರಿಟ್ಟರು. 2024ರಲ್ಲಿ, 104ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಜನರನ್ನು ಸಾಲುಗಟ್ಟಿ ನಿಲ್ಲಿಸಿದ್ದ ಕಟ್ಟಡಕ್ಕೆ ಈಗ ಅವರದೇ ಹೆಸರು, ಒಳಗೆ ಚಾಪೆಯ ಮೇಲೆ ಮಕ್ಕಳು ಬೀಳುವುದನ್ನೂ ಏಳುವುದನ್ನೂ ಕಲಿಯುತ್ತಿದ್ದಾರೆ. ನನ್ನ ಕಣ್ಣಿಗೆ ಇದು ಹೊರಗಿನ ಪ್ರತಿಮೆಗಿಂತ ದೊಡ್ಡ ಸ್ಮಾರಕ. ಇಲ್ಲಿ ವಿದ್ಯೆ ಸತ್ತಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. 2009ರಲ್ಲಿ ಅಲ್ಲಿನ ಈಜು ತಂಡದ ಹುಡುಗಿಯರು, ಚಿಕಿತ್ಸೆಯ ಹೆಸರಿನಲ್ಲಿ ತಮ್ಮ ಮೈ ಮುಟ್ಟುತ್ತಿದ್ದ ಕ್ರೀಡಾ ಚಿಕಿತ್ಸಕನ ಮೇಲೆ ದೂರು ಕೊಟ್ಟರು. ಹೊರಗೆ ಪ್ರತಿಮೆ ಎದ್ದು ಆಗ ನಾಲ್ಕು ವರ್ಷವಾಗಿತ್ತು. ಒಳಗಿನ ವಿಚಾರಣೆ ಅವನದು ತಪ್ಪಿಲ್ಲ ಎಂದಿತು, ಅವನು ಇನ್ನೂ ಹತ್ತು ವರ್ಷಕ್ಕೂ ಮೇಲೆ ಕೆಲಸದಲ್ಲಿದ್ದ. 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ ವಿಶ್ವವಿದ್ಯಾಲಯದ ತಪ್ಪನ್ನು ಎತ್ತಿ ತೋರಿಸಿ, ನೊಂದವರಿಗೆ 16 ಲಕ್ಷ ಡಾಲರ್ ಕೊಡಬೇಕೆಂಬ ಒಪ್ಪಂದ ಮಾಡಿಸಿತು. ಆ ವರ್ಷವೇ ವಿಶ್ವವಿದ್ಯಾಲಯದ ಅಧ್ಯಕ್ಷೆ ಹುದ್ದೆ ಬಿಡುವುದಾಗಿ ಪ್ರಕಟಿಸಿದರು. 1967ರಲ್ಲಿ ವಿದ್ಯಾರ್ಥಿಗಳ ದೂರು ಕೇಳಿ ಪಂದ್ಯವನ್ನೇ ನಿಲ್ಲಿಸಿದ ಕಚೇರಿ ಅದು. ಈ ಹುಡುಗಿಯರ ದೂರು ಕೇಳಿಸಿಕೊಳ್ಳಲು ಅದಕ್ಕೆ ಹನ್ನೆರಡು ವರ್ಷ ಬೇಕಾಯಿತು.

ಪ್ರತಿಮೆಯ ಮರುವರ್ಷ, 2006ರಲ್ಲಿ, ನಾರ್ಮನ್ ತೀರಿಕೊಂಡರು. ಮೆಲ್ಬರ್ನಿನಲ್ಲಿ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. ಈಗ ಪದವಿ ಪ್ರದಾನದ ದಿನಗಳಲ್ಲಿ ಕಪ್ಪು ಗೌನು ತೊಟ್ಟ ಮಕ್ಕಳು ಒಬ್ಬೊಬ್ಬರಾಗಿ ಆ ಖಾಲಿ ಸ್ಥಾನ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹತ್ತಿದವರು ಹೆಚ್ಚುಕಡಿಮೆ ಎಲ್ಲರೂ ಮುಷ್ಟಿ ಎತ್ತುತ್ತಾರೆ. ಆ ಜಾಗದಲ್ಲಿ ನಿಂತಿದ್ದ ನಾರ್ಮನ್ ಮುಷ್ಟಿ ಎತ್ತಿರಲಿಲ್ಲ. ಎರಡೂ ಕೈಗಳನ್ನು ಮೈಯ ಪಕ್ಕಕ್ಕೆ ಇಳಿಬಿಟ್ಟು, ನೇರ ಮುಂದೆ ನೋಡುತ್ತ ಆ ಇಬ್ಬರ ಜೊತೆ ನಿಂತಿದ್ದರು.