ಶ್ರವ್ಯಗ್ರಂಥಗಳೂ ಪಾಠಕಧರ್ಮವೂ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿರುವುದೆಂದು ನಮ್ಮ ಆಲಂಕಾರಿಕರು ವಿಭಾಗಿಸಿರುವರು. ರಂಗದ ಮೇಲೆ ಕಣ್ಣಿಗೆ ಕಾಣಿಸುವುದು ದೃಶ್ಯ. ಉಳಿದುದೆಲ್ಲವೂ ಶ್ರವ್ಯ, ಎಂದರೆ ಕಿವಿಯಿಂದ ಕೇಳತಕ್ಕದ್ದು. ಮೂಲೆಯಲ್ಲಿ ಒಬ್ಬನೇ ಕುಳಿತು, ತುಟಿಯಾಡಿಸದೆ, ಕಣ್ಣೋಡಿಸಿ ಮುಗಿಸುವ ಕಾವ್ಯವೆಂಬ ಮೂರನೆಯ ಬಗೆಯೊಂದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಆದಕಾರಣ ಮೊಬೈಲ್ ಫೋನಿನಲ್ಲಿ ಗ್ರಂಥಗಳನ್ನು ಕೇಳುವ ಪದ್ಧತಿಯು ಈಚೆಗೆ ಬಳಕೆಗೆ ಬಂದುದನ್ನು ಕಂಡು ಕೆಲವರು ಸರಸ್ವತಿಗೆ ಅಪಚಾರವಾಯಿತೆಂದು ಹುಬ್ಬು ಗಂಟಿಕ್ಕುವುದೂ, ಮತ್ತೆ ಕೆಲವರು ಹಿಂದೆಂದೂ ಇಲ್ಲದ ಪವಾಡವೆಂದು ಕೊಂಡಾಡುವುದೂ ಯುಕ್ತವಲ್ಲ. ಕೇಳುವುದು ಹಳೆಯದು, ಹೇಳುವವನು ಎದುರಿಗೆ ಇಲ್ಲದಿರುವುದು ಮಾತ್ರ ಹೊಸದು.

ಈ ಹೊಸತನಕ್ಕೂ ಈಗ ವಯಸ್ಸಾಗಿದೆ. ಅಮೇರಿಕೆಯ ಎಡಿಸನ್ನನು 1877ರಲ್ಲಿ ಧ್ವನಿಯಂತ್ರವನ್ನು ಕಂಡುಹಿಡಿದ ಮರುವರ್ಷವೇ, ಕಣ್ಣಿಲ್ಲದವರಿಗೆ ಗ್ರಂಥಗಳನ್ನು ಕೇಳಿಸುವುದು ಅದರ ಉಪಯೋಗಗಳಲ್ಲೊಂದೆಂದು ಬರೆದಿದ್ದನು. 1930ರ ದಶಕದಲ್ಲಿ ಆ ದೇಶದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅಂಧರಿಗಾಗಿ ಮಾತನಾಡುವ ಪುಸ್ತಕಗಳು ತಟ್ಟೆಗಳ ರೂಪದಲ್ಲಿ ಸಿದ್ಧವಾದವು. ಈಗ ಆ ತಟ್ಟೆಗಳೂ ಹೋಗಿ, ಒಂದು ಕಪಾಟಿನಷ್ಟು ಗ್ರಂಥವು ಅಂಗಿಯ ಜೇಬಿನಲ್ಲಿ ಅಡಗುತ್ತದೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿಯು ವೇದಾವತಿಯ ದಡದ ಊರು. ಜನರು ಆ ನದಿಯನ್ನು ಹಗರಿಯೆಂದೇ ಕರೆಯುವರು. ಅಲ್ಲಿಯ ಒಬ್ಬ ಗೃಹಸ್ಥರು, ಸಾಹಿತ್ಯದಲ್ಲಿ ಯಾವ ಪರೀಕ್ಷೆಯನ್ನೂ ಕೊಡದವರು, ಭತ್ತದ ಗದ್ದೆಗೆ ನೀರು ತಿರುಗಿಸುವಾಗಲೂ ರಾತ್ರಿ ಊಟವಾದ ಮೇಲೂ ಇಂಥ ಓದುಗಳನ್ನು ಒಂದು ವರ್ಷ ಕಾಲ ಸಿಕ್ಕಿದ ಕ್ರಮದಲ್ಲಿ ಕೇಳಿದರು. ಅವುಗಳಲ್ಲಿ ಹಣ ಕೊಟ್ಟು ಪಡೆದವೂ ಇದ್ದವು, ಆಕಾಶವಾಣಿಯಿಂದ ಉಳಿದು ಬಂದವೂ ಇದ್ದವು, ಹವ್ಯಾಸಿಗಳು ಮನೆಯಲ್ಲಿ ಕುಳಿತು ಓದಿ ಹರಿಯಬಿಟ್ಟವೂ ಇದ್ದವು. ಮನೆಯಲ್ಲಿ ಅಕ್ಷರವರಿಯದ ವೃದ್ಧ ತಾಯಿಯೊಬ್ಬರಿರುವುದರಿಂದ ರಾತ್ರಿಯ ಕೇಳಿಕೆಯಲ್ಲಿ ಅವರಿಗೂ ಪಾಲಿತ್ತು. ಆ ಗೃಹಸ್ಥರ ಅಭಿಪ್ರಾಯಗಳು ಪಂಡಿತರವಲ್ಲ. ಆದರೆ ಪಂಡಿತರು ವಿಚಾರಿಸಿ ನೋಡತಕ್ಕವು. ಕಣ್ಣಿನಿಂದ ಓದುವವನು ತಪ್ಪಿದ ಸಾಲಿಗೆ ಹಿಂದಿರುಗಬಲ್ಲನು. ಕೈಯಲ್ಲಿ ಸನಿಕೆ ಹಿಡಿದು ಕೇಳುವವನಿಗೆ ಆ ಅನುಕೂಲವಿಲ್ಲ. ಒಮ್ಮೆ ಕಿವಿಗೆ ದಕ್ಕದ ಮಾತು ಅವನ ಪಾಲಿಗೆ ಇಲ್ಲವೇ ಇಲ್ಲ.

ಅಂಥ ಅಭಿಪ್ರಾಯಗಳನ್ನು ತೂಗಲು ಪಾಣಿನೀಯ ಶಿಕ್ಷೆಯಲ್ಲಿ ಒಂದು ತಕ್ಕಡಿಯಿದೆ. ಪಾಠಕನಿಗೆ ಆರು ಗುಣಗಳನ್ನೂ ಪಾಠಕಾಧಮನಿಗೆ ಆರು ದೋಷಗಳನ್ನೂ ಅದು ಹೇಳುವುದು. ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ ಇವು ಗುಣಗಳು. ಹಾಡಿಬಿಡುವವನು, ಅವಸರಪಡುವವನು, ತಲೆಯಲ್ಲಾಡಿಸುವವನು, ಬರೆದುದನ್ನು ನೋಡಿಯೇ ಓದುವವನು, ಅರ್ಥವರಿಯದವನು, ಧ್ವನಿ ಸಾಲದವನು, ಈ ಆರು ಮಂದಿ ಅಧಮರು. ಯಂತ್ರದಿಂದ ಇವುಗಳಲ್ಲಿ ಒಂದು ದೋಷವು ಪೂರ್ಣವಾಗಿ ಪರಿಹಾರವಾಗಿದೆ: ತಲೆಯಲ್ಲಾಡಿಸುವವನು ಈಗ ಯಾರಿಗೂ ಕಾಣಿಸನು. ಧ್ವನಿ ಸಾಲದಿದ್ದರೆ ಕೇಳುವವನೇ ಏರಿಸಿಕೊಳ್ಳಬಹುದು. ಉಳಿದ ನಾಲ್ಕು ಹಾಗೆಯೇ ಇರುವುವು; ಕೆಲವು ಬೆಳೆದೂ ಇರುವುವು.

ಮೊದಲು ಕುಮಾರವ್ಯಾಸನ ಭಾರತದ ವಿಷಯ. ಗಮಕಿಗಳ ವಾಚನವನ್ನು ಕೇಳಿದ ಆ ಗೃಹಸ್ಥರು, “ಹಾಡು ಬಲು ಚೆಂದ, ಕಥೆ ಎಲ್ಲಿಗೆ ಬಂತೋ ತಿಳಿಯಲಿಲ್ಲ” ಎಂದರು. ಅದೇ ಭಾಗವನ್ನು ವ್ಯಾಖ್ಯಾನಸಹಿತವಾಗಿ ಕೇಳಿದಾಗ ತಾಯಿಯೂ ಮಗನೂ ನಿದ್ದೆಗೆಟ್ಟು ಕುಳಿತರು. ಈ ಮಾತು ಗಮಕಕ್ಕೆ ನಿಂದೆಯಲ್ಲ. ಅದರ ಸ್ವರೂಪವನ್ನೇ ಹೇಳುವುದು. ಭಾಮಿನೀ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳು. ಮೂರು ನಾಲ್ಕು, ಮೂರು ನಾಲ್ಕೆಂದು ಗಣಗಳು ಓಡುವುವು. ಪದಗಳು ಗಣದ ಗಡಿಯಲ್ಲಿ ನಿಲ್ಲವು. ಸಾಲಿನ ಗಡಿಯನ್ನೂ ದಾಟಿ ಮುಂದಿನ ಸಾಲಿಗೆ ಚಾಚುವುವು. ಛಂದಸ್ಸು ಒಂದು ಕಡೆ ಕತ್ತರಿಸಿದರೆ ಅರ್ಥವು ಮತ್ತೊಂದು ಕಡೆ ಕತ್ತರಿಸುವುದು. ಗಮಕಿಯು ಸಂಧಿಯನ್ನು ಬಿಡಿಸಿ, ಬೇಕಾದಲ್ಲಿ ಸಾಲನ್ನು ಎರಡು ಬಾರಿ ಹೇಳಿ, ತಾಳಕ್ಕೆ ಕಟ್ಟುಬೀಳದೆ ರಾಗವನ್ನು ರಸಕ್ಕೆ ತಕ್ಕಂತೆ ಬದಲಿಸುವುದು ಈ ಎರಡು ಕತ್ತರಿಗಳ ನಡುವೆ ಅರ್ಥವನ್ನು ಉಳಿಸುವುದಕ್ಕಾಗಿಯೇ. ಇಷ್ಟಾದ ಮೇಲೂ ವ್ಯಾಖ್ಯಾನಕಾರನು ಪಕ್ಕದಲ್ಲಿ ಇರಬೇಕೆಂಬುದು ನಮ್ಮ ಸಂಪ್ರದಾಯ. ಶಿವಮೊಗ್ಗದ ಸಮೀಪದ ಹೊಸಹಳ್ಳಿಯ ಕೇಶವಮೂರ್ತಿಗಳ ವಾಚನಕ್ಕೆ ಮತ್ತೂರು ಕೃಷ್ಣಮೂರ್ತಿಗಳ ವ್ಯಾಖ್ಯಾನವು ಜೊತೆಯಾದಾಗ ಸಾವಿರಾರು ಜನರು ಕೇಳಿದರು. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ದೊರೆತುದು ಗಮಕಕ್ಕೆ ಸಂದ ಮರ್ಯಾದೆ. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಈಗ ಹೊರಡುವ ಹಲವು ಧ್ವನಿಮುದ್ರಿಕೆಗಳಲ್ಲಿ ವೇಳೆಯನ್ನು ಉಳಿಸುವುದಕ್ಕೆಂದು ವ್ಯಾಖ್ಯಾನವನ್ನು ಬಿಟ್ಟು ವಾಚನವನ್ನು ಮಾತ್ರ ಇಡುವರು. ವಿದ್ವಾಂಸನಿಗೆ ಅದು ಸಾಕು. ರಾರಾವಿಯ ತಾಯಿಗೆ ಸಾಲದು. ಆದರೆ ಭಾರತವು ಆಕೆಗೂ ಸೇರಿದ್ದು.

ಗದ್ಯಕ್ಕೆ ಬಂದರೆ ತೊಡಕು ಬೇರೆ ಬಗೆಯದು. ಗದ್ಯವನ್ನು ಯಾರು ಬೇಕಾದರೂ ಓದಬಹುದೆಂಬ ಭ್ರಾಂತಿಯಿಂದ ಹವ್ಯಾಸಿಗಳು ಅದಕ್ಕೇ ಮೊದಲು ಕೈಹಾಕುವರು. ‘ರಾಮಣ್ಣ ಹೇಳಿದ ಮಾತು ಕೇಳಲಿಲ್ಲ’ ಎಂಬ ಸಣ್ಣ ವಾಕ್ಯವನ್ನು ತೆಗೆದುಕೊಳ್ಳಬಹುದು. ‘ರಾಮಣ್ಣ’ ಎಂದು ತುಸು ನಿಂತು ಮುಂದೆ ಓದಿದರೆ ರಾಮಣ್ಣನು ಹಿರಿಯರ ಮಾತನ್ನು ಮೀರಿದವನಾಗುವನು. ನಿಲ್ಲದೆ ಓದಿದರೆ ಅವನ ಮಾತೇ ಯಾರಿಗೂ ಕೇಳಿಸದೆ ಹೋಗುವುದು. ಇಷ್ಟು ಸಣ್ಣ ನಿಲುಗಡೆಯಲ್ಲಿ ಒಬ್ಬ ಮನುಷ್ಯನ ಶೀಲವೇ ನಿಂತಿದೆ. ಪದಚ್ಛೇದವು ವೇದಪಾಠಕ್ಕೆ ಮಾತ್ರ ಬೇಕಾದ ಗುಣವೆಂದು ತಿಳಿಯತಕ್ಕದ್ದಲ್ಲ.

ತೇಜಸ್ವಿಯವರ ‘ಕರ್ವಾಲೊ’ ಆ ಗೃಹಸ್ಥರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿತು. ಕಾರಣ ಸ್ಪಷ್ಟವಾಗಿದೆ: ಕಥೆ ಹೇಳುವವನು ಒಬ್ಬನೇ, ಅವನು ನೆರೆಮನೆಯವನಂತೆ ಮಾತನಾಡುವನು, ಹಾರುವ ಓತಿಯ ಹುಡುಕಾಟವು ಎಲ್ಲವನ್ನೂ ಒಂದೇ ದಾರಿಯಲ್ಲಿ ಎಳೆದೊಯ್ಯುವುದು. ಮಾಸ್ತಿಯವರ ಸಣ್ಣಕಥೆಗಳೂ ಹಾಗೆಯೇ ಸಲೀಸಾಗಿ ಕಿವಿಗಿಳಿದುವು. ಅವರ ಅನೇಕ ಕಥೆಗಳಲ್ಲಿ ಒಬ್ಬರು ಮತ್ತೊಬ್ಬರಿಗೆ ಹೇಳುತ್ತಿರುವ ಧಾಟಿಯಿರುವುದರಿಂದ ಓದುಗನು ಸುಮ್ಮನೆ ಆ ಧಾಟಿಗೆ ಒಪ್ಪಿಸಿಕೊಂಡರೆ ಸಾಕು. ಇವಕ್ಕೆ ಹೆಚ್ಚಿನ ವಿಮರ್ಶೆ ಬೇಡ.

‘ಮಲೆಗಳಲ್ಲಿ ಮದುಮಗಳು’ ಮಾತ್ರ ಅರ್ಧಕ್ಕೆ ನಿಂತಿತು. ಪಾತ್ರಗಳು ಹಲವು, ಒಂದರ ಕಥೆ ಮತ್ತೊಂದರೊಳಗೆ ಹೆಣೆದಿದೆ. ಬಿಟ್ಟುಹೋದವನು ನೂರು ಪುಟಗಳಾಚೆ ಮತ್ತೆ ಎದುರಾಗುವನು. ಪುಸ್ತಕವಾದರೆ ಪುಟ ಮಗುಚಿ ನೋಡಬಹುದು. ಭೈರಪ್ಪನವರ ‘ಪರ್ವ’ದ ಬಗ್ಗೆ ಅವರು ಹೇಳಿದುದು, “ಇದು ಈಗ ಯಾರ ನೆನಪು?” ಎಂಬುದು. 1979ರಲ್ಲಿ ಹೊರಬಂದ ಆ ಕಾದಂಬರಿಯು ಭಾರತದ ಕಥೆಯನ್ನು ಪಾತ್ರಗಳ ಮನಸ್ಸಿನೊಳಗಿನಿಂದ ನಡೆಸುವುದು. ಶಲ್ಯನಿಂದ ಕುಂತಿಗೆ, ಕುಂತಿಯಿಂದ ಮತ್ತೊಬ್ಬರಿಗೆ ದೃಷ್ಟಿಯು ಸರಿಯುವುದು, ವರ್ತಮಾನದಿಂದ ನೆನಪಿಗೂ ನೆನಪಿನಿಂದ ವರ್ತಮಾನಕ್ಕೂ ಒಂದೇ ವಾಕ್ಯದಲ್ಲಿ ಹಾಯುವುದು. ಇಲ್ಲಿ ದೋಷವು ಗ್ರಂಥದ್ದಲ್ಲ, ಶ್ರೋತೃವಿನದೂ ಅಲ್ಲ. ಬರಹಗಾರನು ಹೊಸ ಪರಿಚ್ಛೇದವೆಂದು ಬಿಟ್ಟ ಖಾಲಿ ಜಾಗವನ್ನು ಓದುವವನು ಮೌನವಾಗಿ ಮಾರ್ಪಡಿಸಬೇಕಾಗಿತ್ತು. ಅವಸರದಿಂದ ಅದನ್ನು ನುಂಗಿಬಿಟ್ಟನು. ಅವಸರಪಡುವವನನ್ನು ಶಿಕ್ಷೆಯು ಎರಡನೆಯ ಅಧಮನೆಂದು ಎಣಿಸಿದುದು ಸುಮ್ಮನೆ ಅಲ್ಲ.

ಹಾಡಿಬಿಡುವವರದು ಮತ್ತೊಂದು ಪಂಗಡ. ಇವರು ನಾಟಕರಂಗದಿಂದಲೂ ಚಲಚ್ಚಿತ್ರದಿಂದಲೂ ಬಂದವರು. ಹೆಂಗಸಿನ ಮಾತು ಬಂದರೆ ಕಂಠವನ್ನು ಸಣ್ಣಮಾಡುವರು, ಮುದುಕನ ಮಾತಿಗೆ ಕೆಮ್ಮುವರು, ವಾಕ್ಯದ ಕೊನೆಯನ್ನು ಗುಡುಗಿಸುವರು, ಹಿಂದೆ ಪಿಟೀಲನ್ನೂ ಸೇರಿಸುವರು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ದೇಶದೇಶದವರು ಕಾವ್ಯವನ್ನು ಓದುವ ರೀತಿಯನ್ನು ವರ್ಣಿಸುತ್ತ, ಕರ್ಣಾಟಕದವರು ರಸ ಯಾವುದಿರಲಿ, ರೀತಿ ಯಾವುದಿರಲಿ, ಗರ್ವದಿಂದ ಕೊನೆಯಲ್ಲೊಂದು ಟಂಕಾರವನ್ನು ಹೊಡೆದೇ ಮುಗಿಸುವರೆಂದು ಹಾಸ್ಯಮಾಡಿದನು. ಸಾವಿರ ವರ್ಷಗಳಾದರೂ ನಮ್ಮವರು ಅವನ ಮಾತನ್ನು ಸುಳ್ಳುಮಾಡುವ ಗೋಜಿಗೆ ಹೋಗಿಲ್ಲ. ರಾರಾವಿಯ ತಾಯಿಯು ಅಂಥ ಒಂದು ಓದನ್ನು ಕೇಳಿ, “ಈತ ಯಾಕೆ ಬೈತಾನ?” ಎಂದು ಮಗನನ್ನು ಕೇಳಿದರಂತೆ.

ಈಗ ಎಲ್ಲಕ್ಕೂ ಮಿಗಿಲಾದ ಪ್ರಶ್ನೆಯೊಂದುಂಟು, ಅದು ಭಾಷೆಯದು. ಆ ಗೃಹಸ್ಥರು ಕೇಳಿದ ಧ್ವನಿಗಳಲ್ಲಿ ಬಹುಪಾಲು ಬೆಂಗಳೂರು ಮೈಸೂರು ಕಡೆಯವು. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಬಳ್ಳಾರಿಯ ಲೇಖಕರ ಗ್ರಂಥವೂ ಅದೇ ಕಂಠದಲ್ಲಿ ಬಂದಾಗ ತೊಂದರೆಯು ಹೊರಬೀಳುವುದು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀchi ಎಂಬ ಹೆಸರು ನಗೆಗೆ ಪರ್ಯಾಯವಾಗಿದ್ದ ಕಾಲವುಂಟು. ಅವರ ಚಮತ್ಕಾರವೆಲ್ಲ ಶ್ಲೇಷೆಯಲ್ಲಿರುವುದರಿಂದ ಓದುವವನು ಒಂದು ಕ್ಷಣ ಮುಂಚೆ ನಕ್ಕರೂ ಕೆಟ್ಟಿತು, ತಡೆದರೂ ಕೆಟ್ಟಿತು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರ ಗದ್ಯವು ಕಟ್ಟೆಯ ಮೇಲೆ ಕಥೆ ಹೇಳುವವನ ಉಸಿರನ್ನು ಹಿಡಿದು ಸಾಗುವಂಥದು. ‘ಐತಿ’ ಎಂಬಲ್ಲಿ ‘ಇದೆ’ ಎನ್ನುವ ನಾಲಗೆಗೆ ಆ ಉಸಿರು ಸಿಕ್ಕದು. ಅಕ್ಷರಗಳನ್ನು ಸರಿಯಾಗಿ ಉಚ್ಚರಿಸಿಯೂ ಭಾಷೆಯನ್ನು ತಪ್ಪಾಗಿ ಓದಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಜಿಲ್ಲೆಯಲ್ಲಿ ಇದು ಬರಿಯ ರುಚಿಯ ವಿಷಯವಲ್ಲ. 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯು ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಸಿರುಗುಪ್ಪವು ಮೈಸೂರಿಗೆ ಬಂದಿತು. ಗಡಿಯು ನಕ್ಷೆಯಲ್ಲಿ ಬಿದ್ದಿತೇ ಹೊರತು ಕಿವಿಯಲ್ಲಿ ಬೀಳಲಿಲ್ಲ. ರಾರಾವಿಯಂಥ ಊರುಗಳಲ್ಲಿ ಇಂದಿಗೂ ಎರಡು ಭಾಷೆಗಳು ಒಂದೇ ಜಗಲಿಯಲ್ಲಿ ಕುಳಿತಿರುವುವು. ತನ್ನ ಮನೆಯ ಕನ್ನಡವನ್ನು ಗ್ರಂಥಗಳಲ್ಲಿ ಒಮ್ಮೆಯೂ ಕೇಳದ ಮಗುವು, ಗ್ರಂಥವೆಂಬುದು ಬೇರೆಯವರ ಮಾತೆಂದು ತಿಳಿದರೆ ಅದರ ತಪ್ಪೇನು?

ಅಂಥ ಧ್ವನಿಯು ಇಲ್ಲಿ ಇಲ್ಲದೆ ಇರಲಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರು ಅಕ್ಷರವನ್ನರಿಯದವರು; ಆದರೂ ಕುಮಾರರಾಮನ ಕಥೆಯೇ ಮೊದಲಾದ ಅನೇಕ ಜಾನಪದ ಮಹಾಕಾವ್ಯಗಳನ್ನು ರಾತ್ರಿಯಿಡೀ ಬಾಯಿಂದಲೇ ಹೇಳಬಲ್ಲವರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಅವರು ಕಾಲವಾದರು. ಬರೆದುದನ್ನು ನೋಡಿ ಓದುವುದು ದೋಷವೆಂದು ಶಿಕ್ಷೆಯು ಹೇಳುವಾಗ ಯಾವ ಪಾಠಕನನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತೋ ಅವನ ಗುಣಗಳೆಲ್ಲ ಈ ನಿರಕ್ಷರ ಸ್ತ್ರೀಯಲ್ಲಿದ್ದುವು. ಓದದೆಯೂ ಕಾವ್ಯದಲ್ಲಿ ನಿಪುಣರಾದವರೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರನ್ನು ಹೊಗಳಿದುದು ಇಂಥವರನ್ನು ಕುರಿತೇ ಇರಬೇಕು.

ಇನ್ನು ಯಂತ್ರವೇ ಓದುವ ಓದು. ಮನುಷ್ಯಕಂಠವಿಲ್ಲದೆ ಗಣಕಯಂತ್ರವು ಅಕ್ಷರಗಳನ್ನು ಕೂಡಿಸಿ ಉಚ್ಚರಿಸುವ ಧ್ವನಿಗಳೂ ಈಗ ಬಂದಿರುವುವು. ಗೃಹಸ್ಥರು ಅದನ್ನು ಹತ್ತು ನಿಮಿಷ ಕೇಳಿ ನಿಲ್ಲಿಸಿದರು. ಅಕ್ಷರಗಳು ಸ್ಪಷ್ಟ, ಅವಸರವಿಲ್ಲ, ಧ್ವನಿಗೆ ಆಯಾಸವಿಲ್ಲ. ಆದರೆ ಅರ್ಥವರಿಯದವನೆಂಬ ಐದನೆಯ ಅಧಮನು ಇಷ್ಟು ಶುದ್ಧರೂಪದಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ಮದುವೆಯ ಸುದ್ದಿಯನ್ನೂ ಮರಣದ ಸುದ್ದಿಯನ್ನೂ ಅದು ಒಂದೇ ಸಮನಾಗಿ ಹೇಳಿತು. ಹಾಗಿದ್ದರೂ, ಬೇರೆ ಯಾರೂ ಓದಿ ಹೇಳದ ಪತ್ರಿಕೆಯನ್ನೋ ಪಠ್ಯವನ್ನೋ ಕಣ್ಣಿಲ್ಲದ ವಿದ್ಯಾರ್ಥಿಗೆ ತಲುಪಿಸುವ ಮಟ್ಟಿಗೆ ಅದು ಉಪಕಾರಿಯೇ. ಕಾವ್ಯಕ್ಕೆ ಮಾತ್ರ ಅದನ್ನು ಕರೆಯಬಾರದು.

ಆ ಗೃಹಸ್ಥರ ದೂರುಗಳಲ್ಲಿ ಒಂದು ಉಳಿದಿದೆ. ತಮಗೆ ಹಿಡಿಸಿದ ಕಂಠದಿಂದ ಮತ್ತೊಂದು ಗ್ರಂಥವನ್ನು ಕೇಳೋಣವೆಂದು ಹುಡುಕಿದರೆ, ಹಲವು ಮುದ್ರಿಕೆಗಳಲ್ಲಿ ಓದಿದವರ ಹೆಸರೇ ಇಲ್ಲ. ಗ್ರಂಥಕರ್ತನ ಹೆಸರಿದೆ, ಮಾರುವವರ ಹೆಸರು ಎರಡು ಬಾರಿ ಇದೆ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಹರ್ಷಚರಿತೆಯಲ್ಲಿ ತನ್ನ ಮನೆಯಲ್ಲಿ ನಡೆದ ಪುರಾಣವಾಚನವನ್ನು ವರ್ಣಿಸಿರುವನು. ಊಟವಾದ ಮೇಲೆ ಪುಸ್ತಕವಾಚಕನು ಬಂದು, ಬೆಳಗ್ಗೆ ನಿಲ್ಲಿಸಿದ ಕಡೆ ಗುರುತಿಗೆ ಇಟ್ಟಿದ್ದ ಗರಿಯನ್ನು ತೆಗೆದು, ವಾಯುಪುರಾಣವನ್ನು ಮುಂದುವರಿಸಿದನು. ಅವನ ಹೆಸರು ಸುದೃಷ್ಟಿ. ಅವನ ಹಿಂದೆ ಕುಳಿತು ಕೊಳಲು ನುಡಿಸಿದವರು ಇಬ್ಬರು, ಮಧುಕರ ಮತ್ತು ಪಾರಾವತ.