ಇತಿಹಾಸದ ಉತ್ತರಪತ್ರಿಕೆಯಲ್ಲಿ ತೂಗಬೇಕಾದುದೇನು?

ವಿದ್ಯಾರ್ಥಿಗಳ ಬರಹಕ್ಕೆ ಅಂಕವನ್ನೀಯುವುದು ಅಧ್ಯಾಪಕವೃತ್ತಿಯ ಅಂಗಗಳಲ್ಲಿ ಅತ್ಯಂತ ಶ್ರಮದಾಯಕವಾದುದೂ ಅತ್ಯಲ್ಪ ವಿಮರ್ಶೆಗೆ ಒಳಗಾದುದೂ ಆಗಿದೆ. ಇತಿಹಾಸವೆಂದರೇನು ಎಂಬ ಪ್ರಶ್ನೆಗೆ ನಾವು ತರಗತಿಯಲ್ಲಿ ಎಷ್ಟೇ ಉದಾತ್ತವಾದ ಉತ್ತರವನ್ನು ಹೇಳಲಿ, ವಿದ್ಯಾರ್ಥಿಯು ನಂಬುವುದು ಅಂಕಗಳ ಮೂಲಕ ನಾವು ಕೊಡುವ ಉತ್ತರವನ್ನೇ. ಯಾವುದಕ್ಕೆ ಅಂಕ ದೊರೆಯುವುದೋ ಅದು ಇತಿಹಾಸ. ಉಳಿದುದು ಹರಟೆ ಎಂದು ಅವನು ತೀರ್ಮಾನಿಸಿದರೆ ಅವನನ್ನು ದೂಷಿಸುವಂತಿಲ್ಲ. ಆದ್ದರಿಂದ ಮೌಲ್ಯಮಾಪನವನ್ನು ಪರೀಕ್ಷಾ ವಿಭಾಗದ ಕಚೇರಿ ಕೆಲಸವೆಂದು ಬದಿಗೊತ್ತದೆ, ಇತಿಹಾಸಶಾಸ್ತ್ರದ ಒಂದು ಸಮಸ್ಯೆಯೆಂದೇ ಪರ್ಯಾಲೋಚಿಸುವುದು ಉಚಿತವೆಂದು ನಮಗೆ ತೋರುತ್ತದೆ. ವಾದಕ್ಕೆ ಬೇಕಾದ ನಿದರ್ಶನಗಳನ್ನು ರಾಯಚೂರು ಜಿಲ್ಲೆಯಿಂದಲೇ ಆರಿಸಿಕೊಂಡಿದ್ದೇವೆ.

ಪರೀಕ್ಷೆಗಳ ಮೇಲಣ ಆಕ್ಷೇಪ ಹೊಸದಲ್ಲ. ೧೯೪೮-೪೯ರ ರಾಧಾಕೃಷ್ಣನ್ ಆಯೋಗವು ವಿಶ್ವವಿದ್ಯಾಲಯದ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಗಳ ಸುಧಾರಣೆಯೇ ಆಗಬೇಕೆಂದು ಅಭಿಪ್ರಾಯಪಟ್ಟಿತ್ತು. ೧೯೫೬ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ಕಲಿಕೆಯ ಉದ್ದೇಶಗಳನ್ನು ಸ್ಮರಣೆಯಿಂದ ವಿಮರ್ಶೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು; ಆ ದಶಕದಲ್ಲಿಯೇ ಅವರು ಭಾರತಕ್ಕೂ ಬಂದು ಇಲ್ಲಿಯ ಪರೀಕ್ಷಾ ಸುಧಾರಣೆಗೆ ಸಲಹೆಗಾರರಾದರು. ಅಲ್ಲಿಂದೀಚೆಗೆ ಒಂದಂಕದ ಪ್ರಶ್ನೆ, ಕಿರು ಟಿಪ್ಪಣಿ, ಭೂಪಟ, ಆಂತರಿಕ ಮೌಲ್ಯಮಾಪನ, ಯೋಜನಾಕಾರ್ಯ ಎಂದು ಪ್ರಶ್ನೆಗಳ ಆಕಾರ ಹಲವು ಸಲ ಮಾರ್ಪಟ್ಟಿದೆ. ತಕ್ಕಡಿ ಮಾತ್ರ ಬಹುಮಟ್ಟಿಗೆ ಹಳೆಯದೇ. ಅದರಲ್ಲಿ ತೂಗಲ್ಪಡುವುದು ಸಿದ್ಧವಾದ ತೀರ್ಮಾನ; ಆ ತೀರ್ಮಾನಕ್ಕೆ ಬಂದ ದಾರಿಯಲ್ಲ.

ಮೊದಲು ಒಂದಂಕದ ಪ್ರಶ್ನೆಯೊಂದನ್ನು ನೋಡೋಣ. ಅಶೋಕನ ಹೆಸರನ್ನು ಉಲ್ಲೇಖಿಸುವ ಶಾಸನ ಮೊತ್ತಮೊದಲು ದೊರೆತದ್ದು ಎಲ್ಲಿ? ಮಸ್ಕಿಯಲ್ಲಿ. ಉತ್ತರ ಸರಿ; ಒಂದು ಅಂಕ. ಆದರೆ ಈ ಒಂದು ಪದದ ಹಿಂದೆ ಎಪ್ಪತ್ತೆಂಟು ವರ್ಷಗಳ ಕಥೆಯಿದೆ. ೧೮೩೭ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೆ. ಈ ರಾಜನು ಅಶೋಕನೇ ಎಂದು ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಗುರುತಿಸಿದರು. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಒಂದು ದೇಶದ ಗ್ರಂಥ ಮತ್ತೊಂದು ದೇಶದ ಕಲ್ಲಿಗೆ ಸಾಕ್ಷಿಯಾಗಿ ನಿಂತು, ಬಳಿಕ ಕಲ್ಲೇ ಆ ಸಾಕ್ಷ್ಯವನ್ನು ಸ್ಥಿರಪಡಿಸಿದ ಬಗೆ ಇದು. ‘ಮಸ್ಕಿ’ ಎಂದು ಬರೆದವನಿಗೆ ಇದು ತಿಳಿದಿದೆಯೋ ಇಲ್ಲವೋ ನಮ್ಮ ಪ್ರಶ್ನೆ ಕೇಳುವುದಿಲ್ಲ.

ದೀರ್ಘ ಉತ್ತರಗಳಲ್ಲಿ ಈ ಕೊರತೆ ನೀಗಬೇಕಾಗಿತ್ತು. ೧೫೨೦ರ ರಾಯಚೂರು ಕದನದ ಮೇಲೆ ಹತ್ತು ಅಂಕಗಳ ಪ್ರಶ್ನೆಯಿದೆಯೆಂದೂ ಎರಡು ಉತ್ತರಗಳು ನಮ್ಮ ಮುಂದಿವೆಯೆಂದೂ ಕಲ್ಪಿಸಿಕೊಳ್ಳೋಣ. ಮೊದಲನೆಯದು ಕಾರಣ, ಘಟನೆ, ಪರಿಣಾಮಗಳೆಂಬ ಮೂರು ಶೀರ್ಷಿಕೆಗಳಲ್ಲಿ ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಷಾ, ದೋಆಬ್ ಪ್ರದೇಶದ ಫಲವತ್ತತೆ, ವಿಜಯನಗರದ ಗೆಲುವು ಎಲ್ಲವನ್ನೂ ಅಡಿಗೆರೆಯೆಳೆದು ಹೇಳುತ್ತದೆ. ಎರಡನೆಯದು ಅಷ್ಟು ಅಚ್ಚುಕಟ್ಟಾಗಿಲ್ಲ. ಅದು ಪೋರ್ಚುಗೀಸ್ ವರ್ತಕ ನ್ಯೂನಿಜ್ ರಾಯನ ಕಾಲಾಳುಗಳನ್ನು ಏಳು ಲಕ್ಷಕ್ಕೂ ಮಿಕ್ಕಿ ಎಣಿಸಿರುವುದನ್ನು ಹೇಳಿ, ಅಷ್ಟು ಜನಕ್ಕೆ ಅನ್ನ ನೀರು ಹೇಗೆ ಒದಗಿತೆಂದು ಸಂದೇಹಿಸುತ್ತದೆ. ಕದನವಾಗಿ ಎಷ್ಟೋ ಕಾಲದ ಮೇಲೆ ಬಿಜಾಪುರದ ಆಶ್ರಯದಲ್ಲಿ ಬರೆದ ಫಿರಿಷ್ತಾ, ಸುಲ್ತಾನನು ಪಾನಮತ್ತನಾಗಿ ಅಲ್ಪ ಸೈನ್ಯದೊಡನೆ ಕೃಷ್ಣೆಯನ್ನು ದಾಟಿದುದೇ ಸೋಲಿಗೆ ಕಾರಣವೆನ್ನುತ್ತಾನೆಂಬುದನ್ನು ಗಮನಿಸುತ್ತದೆ. ಇಬ್ಬರ ದೃಷ್ಟಿ ಬೇರೆಯಾದರೂ ಸೋತ ಸೈನ್ಯ ಹೊಳೆಯ ಪಾಲಾಯಿತೆಂಬಲ್ಲಿ ಇಬ್ಬರೂ ಒಮ್ಮತಪಡುವುದರಿಂದ ಅಷ್ಟನ್ನು ನಂಬಬಹುದೆಂದು ಮುಗಿಸುತ್ತದೆ; ಪರಿಣಾಮಗಳನ್ನು ಬರೆಯಲು ಅದಕ್ಕೆ ಕಾಲ ಸಾಲಲಿಲ್ಲ.

ಮೌಲ್ಯಮಾಪಕರು ‘ಸ್ಕೀಮ್’ ಎಂದು ಕರೆಯುವ ಅಂಕಹಂಚಿಕೆಯ ಪತ್ರವನ್ನು ಕೈಯಲ್ಲಿ ಹಿಡಿದರೆ ಮೊದಲನೆಯದಕ್ಕೆ ಎಂಟೋ ಒಂಬತ್ತೋ, ಎರಡನೆಯದಕ್ಕೆ ನಾಲ್ಕೋ ಐದೋ ಬರುವುದು ಸಹಜ. ಆದರೆ ಇತಿಹಾಸಕಾರನ ಕೆಲಸವನ್ನು ಮಾಡಿದವನು ಎರಡನೆಯವನು. ‘೧೫೨೦’ ಎಂಬ ಇಸವಿಯೂ ಇಂತಹ ಕೆಲಸದಿಂದಲೇ ಬಂದದ್ದು. ನ್ಯೂನಿಜ್‌ನ ಬರಹದಲ್ಲಿರುವುದು ೧೫೨೨. ಅವನೇ ಹೇಳಿದ ಮೇ ತಿಂಗಳ ಅಮಾವಾಸ್ಯೆ, ಶನಿವಾರಗಳನ್ನು ಗಣಿಸಿ, ಇತರ ಪೋರ್ಚುಗೀಸ್ ಉಲ್ಲೇಖಗಳೊಡನೆ ತಾಳೆ ನೋಡಿ, ರಾಬರ್ಟ್ ಸೆವೆಲ್ ೧೯೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕದನದ ದಿನವನ್ನು ೧೫೨೦ರ ಮೇ ೧೯ ಎಂದು ನಿರ್ಣಯಿಸಿದರು. ಅವರ ತೀರ್ಮಾನಕ್ಕೆ ನಾವು ಅಂಕ ಕೊಡುತ್ತೇವೆ. ಅವರ ವಿಧಾನವನ್ನು ಅನುಸರಿಸಿದ ವಿದ್ಯಾರ್ಥಿಯ ಅಂಕವನ್ನು ಕಳೆಯುತ್ತೇವೆ.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ಅಂಶಗಳನ್ನು ಎಣಿಸುವುದರಲ್ಲಿ ನಿಷ್ಪಕ್ಷಪಾತವಿದೆ; ‘ವಿಚಾರಶಕ್ತಿ’ಯನ್ನು ತೂಗಹೊರಟರೆ ಒಬ್ಬರಿಗೆ ಬಂಗಾರವಾದುದು ಮತ್ತೊಬ್ಬರಿಗೆ ತಗಡಾದೀತು. ಈ ಭಯ ನಿರಾಧಾರವಲ್ಲ. ೧೯೩೫ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮೊದಲು ಒಂದೇ ಅಂಕ ಪಡೆದಿದ್ದ ೧೫ ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಿಗಳಾದ ಪರೀಕ್ಷಕರಿಗೆ ಕೊಡಲಾಯಿತು. ಒಂದು ವರ್ಷಕ್ಕೂ ಮಿಕ್ಕಿದ ಅವಧಿಯ ಬಳಿಕ ಅವರಲ್ಲಿ ೧೪ ಮಂದಿ ಅವನ್ನೇ ಮತ್ತೆ ನೋಡಿದಾಗ, ೨೧೦ ನಿರ್ಣಯಗಳಲ್ಲಿ ೯೨ರಲ್ಲಿ ಅವರು ತಮ್ಮ ಹಿಂದಿನ ನಿರ್ಣಯವನ್ನೇ ಬದಲಿಸಿದರು. ತೇರ್ಗಡೆಯೋ ಅಲ್ಲವೋ ಎಂಬುದು ಪರೀಕ್ಷಕನ ದಿನದ ಮನಸ್ಸನ್ನು ಅವಲಂಬಿಸುವುದಾದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಆದರೆ ಎಣಿಸಲು ಸುಲಭವಾದುದನ್ನೇ ಬೆಲೆಯುಳ್ಳದ್ದೆಂದು ಭಾವಿಸುವುದು ಇದಕ್ಕೆ ಪರಿಹಾರವಲ್ಲ. ಏನನ್ನು ತೂಗುತ್ತೇವೆಂಬುದನ್ನು ಪರೀಕ್ಷಕರು ಮೊದಲೇ ಕೂಡಿ ನಿಶ್ಚಯಿಸಬೇಕು. ವಿದ್ಯಾರ್ಥಿಗೂ ಅದನ್ನು ಮೊದಲೇ ತಿಳಿಸಬೇಕು. ನಾಲ್ಕು ಪ್ರಶ್ನೆಗಳು ಸಾಕೆಂದು ನಮ್ಮ ಮತ. ಹೇಳಿದವರು ಯಾರು, ಯಾವಾಗ, ಯಾರಿಗಾಗಿ ಎಂಬುದನ್ನು ಬರೆದವನು ಗಮನಿಸಿದ್ದಾನೆಯೆ? ಒಂದು ಆಧಾರವನ್ನು ಇನ್ನೊಂದರೊಡನೆ ಹೋಲಿಸಿದ್ದಾನೆಯೆ? ತೀರ್ಮಾನವು ಆಧಾರದ ಶಕ್ತಿಯನ್ನು ಮೀರದೆ ನಿಂತಿದೆಯೆ? ತಿಳಿಯದುದನ್ನು ತಿಳಿಯದೆಂದು ಹೇಳಿದ್ದಾನೆಯೆ? ೧೯೯೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಯಾಮ್ ವೈನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸರು ಇತಿಹಾಸಕಾರರಿಗೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಒಂದೇ ದಾಖಲೆಗಳನ್ನು ಓದಲು ಕೊಟ್ಟಾಗ ಎದ್ದುಕಂಡ ವ್ಯತ್ಯಾಸಗಳಲ್ಲಿ ಮೊದಲೆರಡು ಈ ಮೊದಲೆರಡು ಪ್ರಶ್ನೆಗಳಿಗೇ ಸಂಬಂಧಿಸಿದವು. ಹತ್ತರಲ್ಲಿ ನಾಲ್ಕು ಅಂಕಗಳನ್ನು ಇವಕ್ಕೆ ಮೀಸಲಿಟ್ಟರೂ ಉಳಿದ ಆರು ಇಸವಿ, ಹೆಸರು, ಘಟನೆಗಳಿಗೆ ಧಾರಾಳವಾಗಿ ಸಲ್ಲುತ್ತವೆ. ಸಂಗತಿ ತಿಳಿಯದವನು ವಿಮರ್ಶಿಸಲಾರನೆಂಬುದನ್ನು ನಾವು ಮರೆತಿಲ್ಲ.

ಈ ವಿಚಾರ ಅತ್ಯಂತ ಅಗತ್ಯವಾಗುವುದು ಸ್ಥಳೀಯ ಇತಿಹಾಸದ ಯೋಜನಾಕಾರ್ಯಗಳಲ್ಲಿ. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯ ನೀರಮಾನ್ವಿಯಂತಹ ಊರಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಯಲ್ಲಮ್ಮನ ಜಾತ್ರೆಯ ಬಗ್ಗೆ ಬರೆದಳೆನ್ನೋಣ. ಸಾಮಾನ್ಯವಾಗಿ ಆಗುವುದೇನು? ರಟ್ಟು ಹಾಕಿದ ಪುಸ್ತಕವನ್ನು ತೆರೆಯದೆಯೇ ಎಲ್ಲರಿಗೂ ಕೊಡುವ ಪೂರ್ಣಾಂಕವನ್ನು ಅವಳಿಗೂ ಕೊಡಲಾಗುತ್ತದೆ, ಇಲ್ಲವೆ ‘ಇದೆಲ್ಲ ಕಟ್ಟುಕಥೆ’ ಎಂದು ತಳ್ಳಲಾಗುತ್ತದೆ. ಮೊದಲನೆಯದು ದಯೆಯಂತೆ ಕಂಡರೂ ಎರಡೂ ಅವಳ ಬರಹಕ್ಕೆ ಮಾಡಿದ ಅವಮಾನವೇ. ಮುದುಕಿಯೊಬ್ಬಳು ಹೇಳಿದ ಕಥೆಯನ್ನು ಅವಳು ಯಾರಿಂದ ಕೇಳಿದಳೆಂದು ದಾಖಲಿಸಿದ್ದರೆ, ಪೂಜಾರಿಯ ಮಾತು ಅದಕ್ಕೆ ಭಿನ್ನವಾದುದನ್ನು ಮುಚ್ಚಿಡದಿದ್ದರೆ, ಅದು ಗೈಡಿನಿಂದ ನಕಲಿಳಿಸಿದ ಹತ್ತು ಪುಟಗಳಿಗಿಂತ ಹೆಚ್ಚಿನದು. ೧೯೪೮ರವರೆಗೆ ಈ ಸೀಮೆ ನಿಜಾಮರ ರಾಜ್ಯದಲ್ಲಿದ್ದುದರಿಂದ ಮನೆಯ ಟ್ರಂಕಿನಲ್ಲಿ ಉರ್ದು ಕಾಗದವೊಂದು ಸಿಕ್ಕೀತು. ಅದನ್ನು ಓದಬಲ್ಲವರನ್ನು ಹುಡುಕಿಕೊಂಡು ಹೋದ ಶ್ರಮಕ್ಕೂ ನಮ್ಮ ಅಂಕಪಟ್ಟಿಯಲ್ಲಿ ಸ್ಥಳವಿರಬೇಕು.

ಐತಿಹ್ಯಗಳ ವಿಷಯದಲ್ಲಿಯೂ ಇದೇ ಮಾತು. ಮಾನ್ವಿಯ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ದಾನಮಾಡಿದರೆಂಬ ಕಥೆ ಆ ಸೀಮೆಯಲ್ಲಿ ಮನೆಮಾತು. ಅದನ್ನು ಘಟನೆಯೆಂದೇ ಬರೆದ ಉತ್ತರವೂ, ಮೂಢನಂಬಿಕೆಯೆಂದು ಒಂದೇ ಸಾಲಿನಲ್ಲಿ ತೊಡೆದುಹಾಕಿದ ಉತ್ತರವೂ ಸಮಾನವಾಗಿ ಅಪೂರ್ಣ. ಸಂಸ್ಕೃತ ಪಂಡಿತನೊಬ್ಬ ಕನ್ನಡದಲ್ಲಿ ಹಾಡುವ ದಾಸರನ್ನು ಕಡೆಗಣಿಸಿ, ಬಳಿಕ ತಾನೇ ದಾಸನಾದ ಕಥೆಯನ್ನು ಆ ಪರಂಪರೆ ಏಕೆ ಜತನವಾಗಿ ಕಾಪಾಡಿಕೊಂಡು ಬಂದಿತು ಎಂದು ಕೇಳಿದವನೇ ಅದನ್ನು ಆಧಾರವಾಗಿ ಬಳಸಿದವನು.

ಕೊನೆಯದಾಗಿ ಭಾಷೆಯ ಮಾತು. ರಾಯಚೂರು ಸೀಮೆಯ ಆಡುನುಡಿ ಬರಹದಲ್ಲಿ ಇಣುಕಿದ ಮಾತ್ರಕ್ಕೆ ಇತಿಹಾಸದ ಅಂಕವನ್ನು ಕಡಿಮೆ ಮಾಡುವುದು ಸಲ್ಲದು. ತಿದ್ದಬೇಕಾದುದನ್ನು ಅಂಚಿನಲ್ಲಿ ತಿದ್ದಬಹುದು. ವಿಚಾರದ ಬೆಲೆಯನ್ನು ಅದರ ಉಡುಪಿನಿಂದ ಕಟ್ಟಬಾರದು.

ನೂರಾರು ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕಾದ ಕೇಂದ್ರ ಮೌಲ್ಯಮಾಪನದಲ್ಲಿ ಇದೆಲ್ಲ ಒಮ್ಮೆಲೆ ಸಾಧ್ಯವಾಗದೆಂಬುದನ್ನು ನಾವು ಬಲ್ಲೆವು. ಆದರೆ ಆಂತರಿಕ ಅಂಕಗಳು ನಮ್ಮ ಕೈಯಲ್ಲಿಯೇ ಇವೆ. ಪ್ರತಿಯೊಂದು ವಿಭಾಗವೂ ವರ್ಷಾರಂಭದಲ್ಲಿ ಮೇಲಿನ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಓದಿಹೇಳಿ, ಒಂದೇ ಬರಹವನ್ನು ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ಅಳೆದು, ತಮ್ಮ ಅಂಕಗಳು ಎಲ್ಲಿ ಭಿನ್ನವಾದವು, ಏಕೆ ಎಂಬುದನ್ನು ಕುಳಿತು ಚರ್ಚಿಸುವುದಾದರೆ, ಅದರಿಂದ ದೊರೆಯುವ ಅನುಭವವು ಮುಂದೆ ದೊಡ್ಡ ಪರೀಕ್ಷೆಗಳ ಪ್ರಶ್ನಪತ್ರಿಕೆಯನ್ನು ತಿದ್ದುವುದಕ್ಕೂ ನೆರವಾದೀತು.