ಚಿಕ್ಕ ಗಾಯವೆಂದರೆ ಚಿಕ್ಕ ಅಪಾಯವೆ?

“ದೊಡ್ಡ ಗಾಯವಿಲ್ಲ, ಹೆಚ್ಚು ನೋವಿಲ್ಲ, ಎರಡೇ ದಿನದಲ್ಲಿ ಮನೆಗೆ!” ಬಸ್ ನಿಲ್ದಾಣದ ಗೋಡೆಯ ಮೇಲೋ ದಿನಪತ್ರಿಕೆಯ ಪುರವಣಿಯಲ್ಲೋ ಈ ಬಗೆಯ ಜಾಹೀರಾತನ್ನು ನೀವು ನೋಡಿರಬಹುದು. ಇದು ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯ ಜಾಹೀರಾತು. ಜನ ಇದನ್ನು ‘ಕೀಹೋಲ್ ಆಪರೇಷನ್’ ಎಂದೂ ‘ತೂತು ಮಾಡಿ ಮಾಡುವ ಆಪರೇಷನ್’ ಎಂದೂ ಕರೆಯುತ್ತಾರೆ. ಗಾಯ ಚಿಕ್ಕದು, ಆದ್ದರಿಂದ ಅಪಾಯವೂ ಚಿಕ್ಕದು ಎಂಬ ತರ್ಕ ಈ ಜಾಹೀರಾತಿನಲ್ಲಿ ಅಡಗಿದೆ. ಇಲ್ಲಿ ಪರೀಕ್ಷಿಸಲು ಹೊರಟಿರುವುದು ಆ ತರ್ಕವನ್ನು.

ಶಸ್ತ್ರಚಿಕಿತ್ಸೆಯನ್ನು ಹೇಗೆ ಮಾಡಬೇಕೆಂದು ಹೇಳುವ ಅಧಿಕಾರ ಭೌತವಿಜ್ಞಾನದ ಮೇಷ್ಟರಿಗಿಲ್ಲ. ಆದರೆ ಅಳತೆ, ಹೋಲಿಕೆ, ದೋಷ ಇವು ನಮ್ಮ ಪ್ರಯೋಗಶಾಲೆಯ ದಿನನಿತ್ಯದ ಮಾತುಗಳು. ಆ ಮಾನದಂಡದಿಂದ ನೋಡಿದರೆ ಜಾಹೀರಾತಿನ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ?

ಹೊಟ್ಟೆಯೊಳಗಿನ ಭೌತವಿಜ್ಞಾನ

ಕಲ್ಲುಗಳಾದ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಇದನ್ನು ಮೊದಲ ಬಾರಿಗೆ ಈ ವಿಧಾನದಲ್ಲಿ ಮಾಡಿದರು. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ, 1990ರಲ್ಲಿ ಮುಂಬಯಿಯ ತೆಹೆಂಟನ್ ಉದ್ವಾಡಿಯಾ ಮಾಡಿದರು. ಹೊಟ್ಟೆಯ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ರಂಧ್ರಗಳು. ಒಂದೊಂದೂ 5ರಿಂದ 10 ಮಿಲಿಮೀಟರ್ ಅಗಲ. ಒಂದರ ಮೂಲಕ ದೃಗ್ಯಂತ್ರ, ಉಳಿದವುಗಳ ಮೂಲಕ ಉದ್ದನೆಯ ಉಪಕರಣಗಳು ಒಳಗೆ ಹೋಗುತ್ತವೆ. ಸ್ಪಷ್ಟ ಬಿಂಬ ಕೊಡುವ ಆ ದೃಗ್ಯಂತ್ರದ ದಂಡಮಸೂರ ವ್ಯವಸ್ಥೆಯನ್ನು ರೂಪಿಸಿದವರು ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್.

ಒಳಗೆ ಜಾಗ ಬೇಕಲ್ಲವೆ? ಅದಕ್ಕಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಈ ಅನಿಲ ಉರಿಯಲು ನೆರವಾಗದು. ರಕ್ತದಲ್ಲಿ ಸುಲಭವಾಗಿ ಕರಗಿ ಉಸಿರಿನೊಡನೆ ಹೊರಹೋಗುತ್ತದೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸ. 15 ಮಿಲಿಮೀಟರ್ ಎಂದರೆ ಸುಮಾರು 2000 ಪಾಸ್ಕಲ್. ಇದು ವಾಯುಮಂಡಲದ ಒತ್ತಡದ ಶೇ 2 ಮಾತ್ರ. ಆದರೂ 100 ಚದರ ಸೆಂಟಿಮೀಟರ್ ಹರವಿನ ಮೇಲೆ ಅದು ಹಾಕುವ ಬಲ 20 ನ್ಯೂಟನ್, ಅಂದರೆ ಎರಡು ಕಿಲೋಗ್ರಾಂ ತೂಕದಷ್ಟು! ವಪೆ ಮೇಲಕ್ಕೆ ಒತ್ತಲ್ಪಡುತ್ತದೆ. ಹೃದಯ ಮತ್ತು ಶ್ವಾಸಕೋಶಗಳ ಕೆಲಸ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಯ ಅನಂತರ ಕೆಲವರಿಗೆ ಭುಜ ನೋಯುವುದಕ್ಕೂ ವಪೆ ಕೆರಳುವುದೇ ಕಾರಣ.

ಇನ್ನು ವೈದ್ಯರ ಕಡೆಯಿಂದ ನೋಡಿ. ಸಾಮಾನ್ಯ ಪರದೆಯ ಮೇಲಿನ ಚಿತ್ರಕ್ಕೆ ಆಳವಿಲ್ಲ. ರಂಧ್ರವೇ ಸನ್ನೆಯ ಆನಿಕೆ ಬಿಂದುವಾದ್ದರಿಂದ ಕೈ ಬಲಕ್ಕೆ ಹೋದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ. ಬೆರಳಿನಿಂದ ಮುಟ್ಟಿ ನೋಡುವಂತಿಲ್ಲ. ರೋಗಿಯ ಚರ್ಮಕ್ಕೆ ಆದ ಲಾಭದ ಬೆಲೆಯನ್ನು ವೈದ್ಯರ ಕಣ್ಣು ಮತ್ತು ಕೈ ತೆರಬೇಕಾಗುತ್ತದೆ.

ಸಾವಿರಕ್ಕೆ ಎಷ್ಟು?

ಪಿತ್ತಕೋಶವನ್ನು ತೆಗೆಯುವಾಗ ಅದರ ಚಿಕ್ಕ ನಾಳವನ್ನು ಮಾತ್ರ ಕತ್ತರಿಸಬೇಕು. ತಪ್ಪಿ ಮುಖ್ಯ ಪಿತ್ತನಾಳವನ್ನು ಕತ್ತರಿಸಿದರೆ ಪಿತ್ತರಸ ಹೊಟ್ಟೆಯೊಳಗೆ ಸೋರಬಹುದು, ಕಾಮಾಲೆಯಾಗಬಹುದು. ದೊಡ್ಡ ಗಾಯವಾಗಿದ್ದರೆ ಕರುಳಿಗೆ ನಾಳವನ್ನು ಜೋಡಿಸುವ ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹೊಟ್ಟೆ ತೆರೆದು ಮಾಡುತ್ತಿದ್ದ ಕಾಲದಲ್ಲಿ ಇಂಥ ಅಪಘಾತ ಸಾವಿರಕ್ಕೆ ಒಂದೆರಡು ಎಂದು ಅಂದಾಜು. ಲ್ಯಾಪರೋಸ್ಕೋಪಿ ಹರಡಿದ 1990ರ ದಶಕದಲ್ಲಿ ಅದು ಸಾವಿರಕ್ಕೆ ನಾಲ್ಕರಿಂದ ಆರಕ್ಕೆ ಏರಿತು. ಹೊರಗಿನ ಗಾಯ ಕುಗ್ಗಿತು, ಒಳಗಿನ ಗಾಯ ಹೆಚ್ಚಿತು! ನಂತರದ ವರ್ಷಗಳ ವರದಿಗಳಲ್ಲಿ ಈ ಪ್ರಮಾಣ ಇಳಿದಿದೆ ಎಂಬುದನ್ನೂ ಹೇಳಬೇಕು.

ಏರಿದ್ದೇಕೆ? ಒಂದು ಕಾರಣ ಅನುಭವದ ಕೊರತೆ. ಅಮೆರಿಕದ 55 ಶಸ್ತ್ರವೈದ್ಯರು ಮಾಡಿದ 8,839 ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆ 1995ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನಾಳಕ್ಕೆ ಗಾಯವಾದದ್ದು 15 ಬಾರಿ. ಆ ಗಾಯಗಳಲ್ಲಿ ಸುಮಾರು ಶೇ 90 ಆಯಾ ವೈದ್ಯರ ಮೊದಲ 30 ಶಸ್ತ್ರಚಿಕಿತ್ಸೆಗಳೊಳಗೇ ಆಗಿದ್ದವು. ಲೆಕ್ಕ ಹಾಕಿದಾಗ ಮೊದಲ ರೋಗಿಗೆ ಅಪಾಯದ ಸಂಭಾವ್ಯತೆ ಶೇ 1.7, ಐವತ್ತನೆಯ ರೋಗಿಗೆ ಶೇ 0.17. ವಿಧಾನ ಒಂದೇ, ರಂಧ್ರವೂ ಒಂದೇ. ಅಪಾಯ ಮಾತ್ರ ಹತ್ತು ಪಟ್ಟು ವ್ಯತ್ಯಾಸ! ‘ಲ್ಯಾಪರೋಸ್ಕೋಪಿಯ ಅಪಾಯ ಇಷ್ಟು’ ಎಂದು ಒಂದೇ ಸಂಖ್ಯೆ ಹೇಳುವುದು ಎಷ್ಟು ಅಪೂರ್ಣ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಕಾರಣ ನಮಗೆ ಇನ್ನೂ ಆಸಕ್ತಿಯದು. ಪಿತ್ತನಾಳಕ್ಕೆ ಗಾಯವಾದ 252 ಪ್ರಕರಣಗಳನ್ನು ಲಾರೆನ್ಸ್ ವೇ ಮತ್ತು ಸಂಗಡಿಗರು 2003ರಲ್ಲಿ ವಿಶ್ಲೇಷಿಸಿದರು. ಶೇ 97ರಲ್ಲಿ ಮೂಲ ದೋಷ ಕೈಚಳಕದ್ದಲ್ಲ, ದೃಷ್ಟಿಭ್ರಮೆಯದು ಎಂಬುದು ಅವರ ತೀರ್ಮಾನ. ಮುಖ್ಯನಾಳವನ್ನೇ ಪಿತ್ತಕೋಶದ ನಾಳವೆಂದು ನಂಬಿ ಕತ್ತರಿಸಿದ್ದರು. ಭ್ರಮೆಗೆ ಒಳಗಾದವರಿಗೆ ತಾವು ತಪ್ಪಿದ್ದೇವೆ ಎಂಬ ಅನುಮಾನವೇ ಬರುವುದಿಲ್ಲ. ಆದ್ದರಿಂದ ‘ಎಚ್ಚರಿಕೆಯಿಂದಿರಿ’ ಎಂದರೆ ಸಾಲದು. ತಪ್ಪನ್ನು ಹಿಡಿಯುವ ಒಂದು ಪರೀಕ್ಷೆ ಬೇಕು. ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಅಂಥದೊಂದನ್ನು ಸೂಚಿಸಿದ್ದರು. ಸುತ್ತಲ ಕೊಬ್ಬನ್ನು ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಎರಡೇ ಎರಡು ರಚನೆಗಳು (ಒಂದು ನಾಳ, ಒಂದು ರಕ್ತನಾಳ) ಪಿತ್ತಕೋಶವನ್ನು ಸೇರುವುದು ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ಕಾಣದಿದ್ದರೆ ವಿಧಾನವನ್ನು ಬದಲಿಸಬೇಕು. ಬೇಕಾದರೆ ಹೊಟ್ಟೆಯನ್ನು ತೆರೆಯಬೇಕು. ಹಾಗೆ ತೆರೆದದ್ದನ್ನು ‘ಫೇಲ್ ಆಯಿತು’ ಎನ್ನುವ ಬಂಧುಗಳಿದ್ದಾರೆ. ಅನುಮಾನ ಬಂದಾಗ ಪ್ರಯೋಗ ನಿಲ್ಲಿಸಿ ಜೋಡಣೆಯನ್ನು ಮತ್ತೆ ನೋಡುವ ವಿದ್ಯಾರ್ಥಿಯನ್ನು ನಾವು ಫೇಲ್ ಮಾಡುತ್ತೇವೆಯೆ?

ಯಾವುದರೊಡನೆ ಹೋಲಿಕೆ?

‘ಬೇಗ ಗುಣವಾಗುತ್ತದೆ’ ಎಂದರೆ ಯಾವುದಕ್ಕಿಂತ ಬೇಗ? ಹಳೆಯ ಉದ್ದ ಗಾಯದೊಡನೆ ಹೋಲಿಸಿದರೆ ಲಾಭ ನಿಜ. ಆಸ್ಪತ್ರೆ ವಾಸ ಕಡಿಮೆ, ಗಾಯದ ಸೋಂಕು ಕಡಿಮೆ. ಆದರೆ ಹೊಟ್ಟೆಯನ್ನು ಸ್ವಲ್ಪವೇ ಕೊಯ್ದು ನೇರವಾಗಿ ಮಾಡುವ ವಿಧಾನವೂ ಉಂಟು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಜೀದ್ ಮತ್ತು ಸಂಗಡಿಗರು ಇವೆರಡನ್ನು ಹೋಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳು 200. ಯಾರಿಗೆ ಯಾವ ವಿಧಾನ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಅವರ ಜಾಣತನ ಇದ್ದುದು ಇನ್ನೊಂದು ಏರ್ಪಾಟಿನಲ್ಲಿ. ಎಲ್ಲ ರೋಗಿಗಳ ಹೊಟ್ಟೆಗೂ ಒಂದೇ ಬಗೆಯ ಪಟ್ಟಿ ಕಟ್ಟಿದರು! ತನಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದು ರೋಗಿಗೂ ತಿಳಿಯದು, ಆರೈಕೆ ಮಾಡುವ ದಾದಿಗೂ ತಿಳಿಯದು.

ಫಲಿತಾಂಶ ಹೀಗಿತ್ತು. ಶಸ್ತ್ರಚಿಕಿತ್ಸೆಯ ಮಧ್ಯಕ ಅವಧಿ ಲ್ಯಾಪರೋಸ್ಕೋಪಿಗೆ 65 ನಿಮಿಷ, ಚಿಕ್ಕ ಕೊಯ್ತಕ್ಕೆ 40 ನಿಮಿಷ. ಆಸ್ಪತ್ರೆ ವಾಸ ಎರಡರಲ್ಲೂ ಮೂರು ರಾತ್ರಿ. ಕೆಲಸಕ್ಕೆ ಮರಳಲು ಹಿಡಿದದ್ದು ಕ್ರಮವಾಗಿ ಐದು ವಾರ ಮತ್ತು ನಾಲ್ಕು ವಾರ; ಇದು ಗಣನೀಯ ವ್ಯತ್ಯಾಸವಲ್ಲ. ಚೇತರಿಕೆಯಲ್ಲಿ ನಿರೀಕ್ಷೆಯ ಪಾಲೂ ಇರುತ್ತದೆ. ‘ನಿಮ್ಮದು ಕೀಹೋಲ್, ನಾಳೆ ಮನೆಗೆ ಹೋಗಬಹುದು’ ಎಂದು ಹೇಳಿಸಿಕೊಂಡವರು ನಾಳೆಯೇ ಹೋಗಲು ಸಿದ್ಧರಾಗುತ್ತಾರೆ. ಆ ನಿರೀಕ್ಷೆಯನ್ನು ಪಟ್ಟಿಯಡಿ ಮುಚ್ಚಿದಾಗ ವ್ಯತ್ಯಾಸವೂ ಮರೆಯಾಯಿತು. ಅಂದಿನಿಂದ ಉಪಕರಣಗಳೂ ಅಭ್ಯಾಸವೂ ಸುಧಾರಿಸಿವೆ. ಇಂದು ಪಿತ್ತಕೋಶಕ್ಕೆ ಲ್ಯಾಪರೋಸ್ಕೋಪಿಯೇ ವಾಡಿಕೆಯ ವಿಧಾನ. ಆದರೆ ಹೋಲಿಕೆ ಹೇಗೆ ಮಾಡಬೇಕೆಂಬ ಪಾಠ ಹಳೆಯದಾಗಿಲ್ಲ.

ಯಾವುದನ್ನು ಅಳೆಯಬೇಕು?

ಆಸ್ಪತ್ರೆಯ ದಿನಗಳನ್ನು ಎಣಿಸುವುದು ಸುಲಭ. ಕ್ಯಾನ್ಸರ್ ರೋಗಿಗೆ ಬೇಕಾದದ್ದು ಬೇರೆ ಅಳತೆ: ರೋಗ ಮರುಕಳಿಸಿತೆ? ರೋಗಿ ಬದುಕಿದರೆ? 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಇದ್ದ 872 ರೋಗಿಗಳಿದ್ದರು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಲ್ಯಾಪರೋಸ್ಕೋಪಿಯಲ್ಲಿ ಶೇ 16, ತೆರೆದ ವಿಧಾನದಲ್ಲಿ ಶೇ 18. ಆಸ್ಪತ್ರೆ ವಾಸ ಐದು ದಿನ ಮತ್ತು ಆರು ದಿನ. ಇಲ್ಲಿ ಹೊಸ ವಿಧಾನ ಪರೀಕ್ಷೆಯಲ್ಲಿ ಗೆದ್ದಿತು.

ಗರ್ಭಕೊರಳಿನ ಆರಂಭಿಕ ಕ್ಯಾನ್ಸರಿನಲ್ಲೂ ಹೀಗೆಯೇ ಇರಬಹುದೆಂದು ವೈದ್ಯರು ಭಾವಿಸಿದ್ದರು; ಹಳೆಯ ದಾಖಲೆಗಳ ಹೋಲಿಕೆಯೂ ಹಾಗೆಯೇ ಹೇಳಿತ್ತು. 631 ಮಹಿಳೆಯರ ಯಾದೃಚ್ಛಿಕ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ನಾಲ್ಕೂವರೆ ವರ್ಷಗಳ ಅನಂತರ ರೋಗಮುಕ್ತರಾಗಿ ಉಳಿದವರು ತೆರೆದ ವಿಧಾನದಲ್ಲಿ ಶೇ 96.5, ಲ್ಯಾಪರೋಸ್ಕೋಪಿ ಅಥವಾ ರೋಬಾಟ್ ನೆರವಿನ ವಿಧಾನದಲ್ಲಿ ಶೇ 86. ಚಿಕ್ಕ ಗಾಯದ ಗುಂಪಿನಲ್ಲಿ ಸಾವುಗಳೇ ಹೆಚ್ಚು. ಅಲ್ಲಿಯವರೆಗೆ ಎಷ್ಟೋ ವರ್ಷ ಈ ವಿಧಾನವನ್ನು ನಂಬಿಕೆಯ ಮೇಲೆ ಬಳಸಲಾಗಿತ್ತು ಎಂಬುದನ್ನು ನೆನೆಯಿರಿ. ಒಂದು ಅಂಗದಲ್ಲಿ ಗೆದ್ದ ವಿಧಾನ ಇನ್ನೊಂದರಲ್ಲಿ ಗೆಲ್ಲಲೇಬೇಕೆಂಬ ನಿಯಮವಿಲ್ಲ.

ಸೊನ್ನೆಯ ಅರ್ಥ

ಕೊನೆಯದಾಗಿ ತರಗತಿಗೊಂದು ಲೆಕ್ಕ. ‘ಇನ್ನೂರು ಶಸ್ತ್ರಚಿಕಿತ್ಸೆ, ಒಂದೂ ತೊಡಕಿಲ್ಲ’ ಎಂದು ಯಾರಾದರೂ ಹೇಳಿದರೆ ಅಪಾಯ ಸೊನ್ನೆಯೆ? ಅಪಾಯದ ನಿಜವಾದ ಪ್ರಮಾಣ ಶೇ 0.5 ಇದ್ದರೂ ಇನ್ನೂರು ರೋಗಿಗಳಲ್ಲಿ ಒಂದೂ ಅಪಘಾತವಾಗದಿರುವ ಸಂಭಾವ್ಯತೆ 0.995ರ ಇನ್ನೂರನೆಯ ಘಾತ. ಗುಣಿಸಿ ನೋಡಿ, ಸುಮಾರು 0.37! ಅಂದರೆ ಇಂಥ ‘ಸೊನ್ನೆ’ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೀ ಅದೃಷ್ಟದಿಂದ ಬರಬಹುದು. ಸಂಖ್ಯಾಶಾಸ್ತ್ರಜ್ಞರ ಒಂದು ಸುಲಭ ಸೂತ್ರವಿದೆ. ಎಷ್ಟು ಬಾರಿ ಮಾಡಿದಾಗ ತೊಡಕು ಕಾಣಲಿಲ್ಲವೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ಶೇ 95 ವಿಶ್ವಾಸದಲ್ಲಿ ಅಪಾಯದ ಮೇಲಿನ ಮಿತಿ ಅಷ್ಟು. ಇನ್ನೂರಕ್ಕೆ ಅದು ಶೇ 1.5. ಮಿತಿ ಶೇ 0.5ಕ್ಕೆ ಇಳಿಯಬೇಕಾದರೆ ತೊಡಕಿಲ್ಲದ 600 ಶಸ್ತ್ರಚಿಕಿತ್ಸೆಗಳು ಬೇಕು.

ಇದನ್ನು ಓದಿ ಯಾರೂ ಶಸ್ತ್ರಚಿಕಿತ್ಸೆಗೆ ಹೆದರಬೇಕಾಗಿಲ್ಲ. ವೈದ್ಯರು ಬೇಕೆಂದಾಗ ಮುಂದೂಡುವುದರಲ್ಲೂ ಅಪಾಯವಿದೆ. ಆದರೆ ನಿಮ್ಮ ಮನೆಯವರಿಗೆ ಅಂಥ ಸಂದರ್ಭ ಬಂದರೆ ಗಾಯದ ಉದ್ದದ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಡಾಕ್ಟರೇ, ನೀವು ಇದನ್ನು ಎಷ್ಟು ಸಲ ಮಾಡಿದ್ದೀರಿ? ತೊಡಕುಗಳು ಎಷ್ಟಾಗಿವೆ? ಯಾವ ಸಂದರ್ಭದಲ್ಲಿ ಹೊಟ್ಟೆ ತೆರೆಯುತ್ತೀರಿ? ಈ ರೋಗಕ್ಕೆ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದ್ದಾರೆಯೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉಪಾಧ್ಯಾಯ ಮಿತ್ರರು ಅದೇ ಜಾಹೀರಾತನ್ನು ಕತ್ತರಿಸಿ ತರಗತಿಗೆ ಒಯ್ಯಬಹುದು. ಅದರಲ್ಲಿ ಯಾವ ಅಳತೆ ಇದೆ, ಯಾವುದು ಇಲ್ಲ ಎಂದು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಎರಡನೆಯ ಪಟ್ಟಿಯೇ ಉದ್ದವಾಗಿರುತ್ತದೆ.